ನಾರ್ವೆಯ ಸೈಕಲ್ ಕಾರ್ಖಾನೆಯ ನಾಲ್ಕನೇ ಅಧ್ಯಾಯ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ವರ್ಷಗಟ್ಟಲೆ ಇದನ್ನು ನನಗೆ ನೆನಪಿಸಿದ್ದಾರೆ. ತೊಂಬತ್ತರ ದಶಕದ ಮಧ್ಯದಲ್ಲಿ, ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಅಕ್ಸ್‌ಬ್ರಿಡ್ಜ್ ಹತ್ತಿರದ ಒಂದು ಸಣ್ಣ ಗ್ರಂಥಾಲಯದಲ್ಲಿ ವಿಚಾರಣೆಯ ಮೇಜಿನ ಹಿಂದೆ ಕೂತಿದ್ದ ನಾನು, ಎದುರಿಗೆ ನಿಂತಿದ್ದ ಒಬ್ಬ ಮುದುಕರಿಗೆ, "ಅಂಥ ಪುಸ್ತಕ ಇಲ್ಲದಿದ್ದರೆ ನೀವೇ ಒಂದು ಬರೆದುಬಿಡಿ" ಎಂದೆ. ಸುಮ್ಮನೆ ಮಾತಿಗೆ ಅಂದದ್ದು. ಅವರ ಹಿಂದೆ ಐದು ಜನ ಕ್ಯೂ ನಿಂತಿದ್ದರು, ಈ ಮುದುಕರು ಅಲ್ಲಿಂದ ಒಮ್ಮೆ ಕದಲಿದರೆ ಸಾಕಾಗಿತ್ತು.

ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಅರಿವಳಿಕೆ ವೈದ್ಯರನ್ನು ಮದುವೆಯಾಗಿ, ಅವರಿಗೆ ವರ್ಗವಾದಂತೆಲ್ಲ ಇಂಗ್ಲೆಂಡಿನ ನಾಲ್ಕು ಊರು ತಿರುಗಿ ಕೊನೆಗೆ ಇಲ್ಲಿ ನೆಲೆನಿಂತ ಮೇಲೆ, ನನಗೆ ಸಿಕ್ಕಿದ್ದು ಕೌನ್ಸಿಲ್‌ನ ಈ ಅರೆಕಾಲಿಕ ಕೆಲಸ. ಇಷ್ಟಪಟ್ಟೇ ಮಾಡುತ್ತಿದ್ದೆ. ಮುದುಕರ ಮುಖ ಪರಿಚಯವಿತ್ತು. ನಮ್ಮ ಬೀದಿಯ ಕೊನೆಯ ಮನೆಯವರು. ಕಡುಹಸಿರು ಬಣ್ಣದ ಒಂದು ಭಾರಿ ಹಳೆಯ ಸೈಕಲ್ಲಿನಲ್ಲಿ ಬಂದು, ಅದನ್ನು ಗಾಲಿಕುರ್ಚಿಯವರ ಇಳಿಜಾರಿಗೆ ಅಡ್ಡವಾಗಿ ನಿಲ್ಲಿಸಿ, ದಿನಪತ್ರಿಕೆ ಓದಿ ಹೋಗುತ್ತಿದ್ದರು. ಅಡ್ಡ ನಿಲ್ಲಿಸಬೇಡಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಪ್ರತಿ ಸಲವೂ, "ಈ ಸೈಕಲ್ಲಿಗೆ ಗೋಡೆಯ ಆಸರೆ ಬೇಕು" ಎನ್ನುತ್ತಿದ್ದರು. ಆ ದಿನ ಅವರು ಕೇಳಿದ್ದು ಆ ಸೈಕಲ್ಲನ್ನು ಮಾಡಿದ ನಾರ್ವೆಯ ಕಾರ್ಖಾನೆಯ ಇತಿಹಾಸ. ನಮ್ಮಲ್ಲಿ ಸೈಕಲ್ ಇತಿಹಾಸದ ಪುಸ್ತಕಗಳು ಮೂರಿದ್ದವು. ಮೂರರಲ್ಲೂ ಇಂಗ್ಲೆಂಡು, ಫ್ರಾನ್ಸು, ಅಲ್ಲೊಂದು ಇಲ್ಲೊಂದು ಕಡೆ ಇಟಲಿ. ನಾರ್ವೆ ಎಂಬ ಪದ ಸೂಚಿಯಲ್ಲೂ ಇರಲಿಲ್ಲ.

ನಾನು ಆ ಮಾತು ಆಡಿದ ವಾರದ ಶನಿವಾರವೇ ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಬಾಗಿಲು ಬಡಿದ ಸದ್ದಾಯಿತು. ಅದೇ ಮುದುಕರು. ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್ಕು, ಮೂಗಿನ ಮೇಲೆ ಒಂದರ ಮೇಲೊಂದು ಎರಡು ಕನ್ನಡಕ.

"ನೀವು ಹೇಳಿದ್ದರ ಬಗ್ಗೆ ಯೋಚಿಸಿದೆ" ಎಂದರು. "ನಾನು ಹೇಳುತ್ತೇನೆ, ನೀವು ಬರೆದುಕೊಳ್ಳಿ. ನನ್ನ ಇಂಗ್ಲಿಷ್ ಮಾತಿಗೆ ಸಾಕು, ಪುಸ್ತಕಕ್ಕೆ ಸಾಲದು. ಆರು ವಾರದಲ್ಲಿ ಮುಗಿಯುತ್ತದೆ."

ಶನಿವಾರ ಎಂದರೆ ನನಗೆ ಇಂಡಿಯನ್ ಅಂಗಡಿಗಳ ಸೌತ್‌ಹಾಲ್. ಮೆಂತ್ಯದ ಸೊಪ್ಪು, ಜೋಳದ ಹಿಟ್ಟು, ವಾರಕ್ಕೊಮ್ಮೆ ನಾಲ್ಕು ಜನ ನಮ್ಮವರ ಮುಖ. ಆದರೂ ಆರು ವಾರ ತಾನೇ ಎಂದು ಒಳಗೆ ಕರೆದೆ. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಪುಸ್ತಕ ಮುಗಿಯುವ ಹೊತ್ತಿಗೆ ಅವಳು ಯೂನಿವರ್ಸಿಟಿಯ ಕೊನೆಯ ವರ್ಷದಲ್ಲಿದ್ದಳು.

ಅವರ ಕಥೆ ಇಷ್ಟು. ನಾರ್ವೆಯ ನೈರುತ್ಯ ಕರಾವಳಿಯ ಒಂದು ಊರು. ಆ ಊರಿನ ಹಡಗುಕಟ್ಟೆಯ ಬಳಿ ನೇಗಿಲು, ಬಿತ್ತನೆ ಬೀಜ, ಹೊಲಿಗೆ ಯಂತ್ರ ಮಾರುವ ಒಂದು ಅಂಗಡಿ. ಅಂಗಡಿಯವನು ಇಂಗ್ಲೆಂಡಿನಿಂದ ಮರದ ಪೆಟ್ಟಿಗೆಗಳಲ್ಲಿ ಸೈಕಲ್ ತರಿಸಿ ಮಾರತೊಡಗಿದ. ಆಮೇಲೆ ಬಿಡಿಭಾಗ ತರಿಸಿ ತಾನೇ ಜೋಡಿಸಿದ. ಆಮೇಲೆ ಆಲೂಗಡ್ಡೆ ಗೋದಾಮನ್ನು ಖಾಲಿ ಮಾಡಿಸಿ, ಅಲ್ಲಿ ಕುಲುಮೆ ಹಾಕಿಸಿ, ಸ್ವಂತ ಫ್ರೇಮ್ ಮಾಡಿಸಿದ. ನಮ್ಮ ಮುದುಕರ ಅಪ್ಪ ಆ ಕುಲುಮೆಗೆ ಬಂದ ಮೊದಲ ಬೆಸುಗೆಗಾರರಲ್ಲಿ ಒಬ್ಬರು. ಮುದುಕರು ಸ್ವತಃ ಅದೇ ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುವುದನ್ನು ಕಲಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಸೈಕಲ್ಲುಗಳನ್ನು ಇಂಗ್ಲಿಷರಿಗೆ ಮಾರಲೆಂದು ಲಂಡನ್ನಿಗೆ ಬಂದರು. ಇಂಗ್ಲಿಷರು ಕೊಳ್ಳಲಿಲ್ಲ. ಅವರು ಇಂಗ್ಲಿಷ್ ನರ್ಸೊಬ್ಬರನ್ನು ಮದುವೆಯಾಗಿ, ಅಕ್ಸ್‌ಬ್ರಿಡ್ಜ್‌ನ ಒಂದು ಆಫೀಸಿನಲ್ಲಿ ನಕ್ಷೆಗಾರರಾಗಿ ಉಳಿದುಕೊಂಡರು. ಆಕೆ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ.

ಇದನ್ನು ನಾನು ಒಂದು ಉಸಿರಿನಲ್ಲಿ ಹೇಳಿದೆ. ಅವರು ಇದನ್ನು ಹೇಳಲು ಒಂದೂವರೆ ವರ್ಷ ತೆಗೆದುಕೊಂಡರು. ನೇಗಿಲಿನಿಂದ ಹೊಲಿಗೆ ಯಂತ್ರಕ್ಕೆ ಬರುವಷ್ಟರಲ್ಲಿ ನಮ್ಮ ಹಿತ್ತಲಿನ ಸೇಬಿನ ಗಿಡ ಎರಡು ಸಲ ಹೂಬಿಟ್ಟಿತ್ತು. ಒಂದು ವಾಕ್ಯ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ, ಮುಂದಿನ ವಾರ ಬಂದು ಅದು ಹಾಗಲ್ಲ ಎನ್ನುತ್ತಿದ್ದರು. ಬಣ್ಣದ ಕೋಣೆಯಲ್ಲಿ ಹುಡುಗಿಯರು ಕೂದಲೆಳೆಯಂಥ ಕುಂಚ ಹಿಡಿದು ಫ್ರೇಮಿನ ಮೇಲೆ ಚಿನ್ನದ ಗೆರೆ ಎಳೆಯುತ್ತಿದ್ದರಂತೆ. ಗೆರೆ ಎರಡೋ ಮೂರೋ ಎಂಬುದನ್ನು ನಾವು ಅಕ್ಟೋಬರ್‌ನಿಂದ ಕ್ರಿಸ್‌ಮಸ್‌ವರೆಗೆ ಚರ್ಚಿಸಿದೆವು. ಚಳಿಗಾಲದಲ್ಲಿ ಸೈಕಲ್ ಮಾರಾಟವಾಗದೆ, ಕಾರ್ಖಾನೆ ಹಿಮದ ಮೇಲೆ ಕಾಲಿನಿಂದ ತಳ್ಳಿಕೊಂಡು ಹೋಗುವ ಜಾರುಬಂಡಿ ಮಾಡುತ್ತಿತ್ತು ಎಂದು ಹೇಳಿ, ಅದನ್ನು ತಳ್ಳುವುದು ಹೇಗೆಂದು ತೋರಿಸಲು ನಮ್ಮ ಊಟದ ಕುರ್ಚಿಯನ್ನು ಹಿಡಿದು ಅಡುಗೆಮನೆಯ ಉದ್ದಕ್ಕೂ ತಳ್ಳಿದರು. ನೆಲದ ಲಿನೋಲಿಯಂ ಹಾಸು ಹರಿದುಹೋಯಿತು.

"ಅಮ್ಮಾ, ಹೀ ಈಸ್ ಹಿಯರ್ ಅಗೇನ್" ಎಂದು ಮಗಳು ಮಹಡಿಯ ಮೇಲಿನಿಂದ ಕೂಗುತ್ತಿದ್ದಳು. ಕನ್ನಡದಲ್ಲಿ ಹೇಳೇ, ಅವರಿಗೆ ತಿಳಿಯದಿರಲಿ ಎಂದರೆ, "ಅಗೇನ್‌ಗೆ ಕನ್ನಡದಲ್ಲಿ ಏನು?" ಎಂದು ಇನ್ನೂ ಗಟ್ಟಿಯಾಗಿ ಕೇಳುತ್ತಿದ್ದಳು.

ನನ್ನ ಗಂಡ ಅವರಿಗೆ ಸೈಕಲ್ ಅಜ್ಜ ಎಂದು ಹೆಸರಿಟ್ಟರು. "ನಿನ್ನ ಸೈಕಲ್ ಅಜ್ಜ ಇವತ್ತ ಎಲ್ಲಿಗೆ ಬಂದ್ರು? ಪೆಡಲ್ ಹಚ್ಚಿದ್ರೋ ಇಲ್ಲೋ?"

"ಇನ್ನೂ ಹ್ಯಾಂಡಲ್ಲೇ ಹಚ್ಚಿಲ್ಲ. ಸುಮ್ನ ಊಟಾ ಮಾಡ್ರಿ."

ಆ ಕಾರ್ಖಾನೆಯವರು ಯಾವಾಗಲೋ ತಮ್ಮದೇ ಒಂದು ನೆನಪಿನ ಪುಸ್ತಕ ಮಾಡಿದ್ದರು. ಹೊಳೆಯುವ ಕಾಗದ, ಮಾಲೀಕರ ಪಟಗಳು, ಬಹುಮಾನದ ಬಟ್ಟಲುಗಳು. ಅಜ್ಜ ಅದನ್ನು ತಂದು ಮೇಜಿನ ಮೇಲೆ ಕುಕ್ಕಿದರು. ಯುದ್ಧದ ಬಗ್ಗೆ ಅದರಲ್ಲಿ ಒಂದೇ ಸಾಲು ಇತ್ತಂತೆ, ಆ ವರ್ಷಗಳು ಎಲ್ಲರಿಗೂ ಕಷ್ಟದ ವರ್ಷಗಳು ಎಂದು. ಬೆಸುಗೆಯವರ ಒಂದು ಪಟವೂ ಇಲ್ಲ.

"ಒಂದು ಸಾಲು! ಐದು ವರ್ಷ ಜರ್ಮನರು ನಮ್ಮ ದೇಶದಲ್ಲಿ ಕೂತಿದ್ದರು. ಒಂದು ಸಾಲು!"

ಆಗ ನನಗೆ ಅರ್ಥವಾಯಿತು, ಇಷ್ಟೆಲ್ಲ ನೇಗಿಲು, ಹೊಲಿಗೆ ಯಂತ್ರ, ಚಿನ್ನದ ಗೆರೆ ಎಲ್ಲ ಒಂದು ಜಾಗಕ್ಕೆ ಹೋಗಲು ಮಾಡಿದ ದಾರಿ ಎಂದು. ಆ ಜಾಗ ನಾಲ್ಕನೇ ಅಧ್ಯಾಯ. ಅದನ್ನು ಮಾತ್ರ ಅವರು ತಡವರಿಸದೆ, ತಿದ್ದದೆ, ಒಂದೇ ಶನಿವಾರದಲ್ಲಿ ಹೇಳಿ ಮುಗಿಸಿದರು. ಯುದ್ಧಕಾಲದಲ್ಲಿ ಕಾರ್ಖಾನೆ ಜರ್ಮನ್ ಸೈನಿಕರಿಗೆ ಸೈಕಲ್ ಮಾಡಿಕೊಡಬೇಕಾಗಿತ್ತು. ಅವರ ಅಪ್ಪ, ಕುಲುಮೆಯ ಮುಖ್ಯಸ್ಥ, ಬೇಕೆಂದೇ ಬೆಸುಗೆಯನ್ನು ಸಡಿಲ ಮಾಡಿದರು. ಸೈಕಲ್ಲಿನ ಕೊಳವೆಗಳು ಒಂದಕ್ಕೊಂದು ಸೇರುವ ಕಡೆ ಕಬ್ಬಿಣದ ಬಳೆಯಂಥ ಗವಸು ಇರುತ್ತದೆ. ಅದರೊಳಗೆ ಹಿತ್ತಾಳೆಯನ್ನು ಕರಗಿಸಿ ಹರಿಯಬಿಡಬೇಕು. ಅಪ್ಪ ಹಿತ್ತಾಳೆಯನ್ನು ಹೊರಗೆ ಕಾಣುವಷ್ಟು ಮಾತ್ರ ಹಾಕಿ ಒಳಗೆ ಟೊಳ್ಳು ಬಿಟ್ಟರು. ಜರ್ಮನರ ಸೈಕಲ್ಲುಗಳು ಬೆಟ್ಟದ ದಾರಿಯಲ್ಲಿ ಮುರಿದು ಬಿದ್ದವು. ಸಿಕ್ಕಿಬಿದ್ದಿದ್ದರೆ ಅಪ್ಪ ಗುಂಡಿಗೆ ಬಲಿಯಾಗುತ್ತಿದ್ದರು.

ಕೈ ನೋಯುವ ತನಕ ಬರೆದುಕೊಂಡೆ. ಮೈ ಜುಮ್ಮೆಂದಿತ್ತು. ಆದರೆ ನನ್ನ ಕೆಟ್ಟ ಅಭ್ಯಾಸ, ಬರೆದು ಮುಗಿಸಿ ಪೆನ್ನು ಕೆಳಗಿಟ್ಟು ಕೇಳಿದೆ: "ಇದಕ್ಕೆ ಆಧಾರ ಏನು?"

"ಆಧಾರ?"

"ಯಾರು ಹೇಳಿದ್ದು? ನಿಮ್ಮ ತಂದೆಯೇ?"

"ಊರಿಗೆಲ್ಲ ಗೊತ್ತು" ಎಂದರು.

"ಊರಿಗೆಲ್ಲ ಗೊತ್ತು ಅನ್ನುವುದನ್ನು ಅಡಿಟಿಪ್ಪಣಿಯಲ್ಲಿ ಹೇಗೆ ಬರೆಯೋದು?"

ಅವರಿಗೆ ಕೋಪ ಬಂತು. ನನಗೂ ಬಂತು. ಗೆರೆ ಎರಡೋ ಮೂರೋ ಎಂದು ಎರಡು ತಿಂಗಳು ಕಾಡಿದ ಮನುಷ್ಯ ಇಷ್ಟು ದೊಡ್ಡ ಮಾತಿಗೆ ಒಂದು ಕಾಗದದ ಚೂರೂ ತೋರಿಸುವುದಿಲ್ಲವೆಂದರೆ ಹೇಗೆ? ಸೋಮವಾರ ಕೆಲಸಕ್ಕೆ ಹೋದವಳೇ, ಅವರನ್ನು ಕೇಳದೆ, ಆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಪತ್ರ ಬರೆದೆ. ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿದ್ದವರು ಯಾರಾದರೂ ಇದ್ದಾರೆಯೇ, ಬೆಸುಗೆ ಮುಖ್ಯಸ್ಥರ ವಿಷಯ ಅವರಿಗೆ ನೆನಪಿದೆಯೇ ಎಂದು. ಅಲ್ಲಿನ ಗ್ರಂಥಪಾಲಕಿ ಸಭ್ಯಳು. ನನ್ನ ಪ್ರಶ್ನೆಯನ್ನು ಅನುವಾದಿಸಿ ಸೂಚನಾ ಫಲಕಕ್ಕೆ ಹಚ್ಚಿದ್ದೇನೆ ಎಂದು ಉತ್ತರ ಬರೆದಳು. ಎರಡು ತಿಂಗಳಾದ ಮೇಲೆ ನನ್ನ ಹೆಸರಿಗೆ ಒಂದು ದಪ್ಪ ಲಕೋಟೆ ಬಂತು. ನಾಲ್ಕು ಪುಟ, ನೀಲಿ ಶಾಯಿ, ಒತ್ತೊತ್ತಾದ ಅಕ್ಷರ. ಬರೆದವರು ಆ ಬಣ್ಣದ ಕೋಣೆಯಲ್ಲಿ ಗೆರೆ ಎಳೆಯುತ್ತಿದ್ದ ಒಬ್ಬ ವೃದ್ಧೆ ಎಂದು ಗ್ರಂಥಪಾಲಕಿಯ ಚೀಟಿ ಹೇಳಿತು. ಪತ್ರ ಪೂರಾ ನಾರ್ವೇಜಿಯನ್ನಿನಲ್ಲಿತ್ತು.

ನನಗೆ ಗೊತ್ತಿದ್ದವರಲ್ಲಿ ನಾರ್ವೇಜಿಯನ್ ಬರುತ್ತಿದ್ದದ್ದು ಒಬ್ಬರಿಗೇ.

ಶನಿವಾರ ಅಜ್ಜ ಬಂದಾಗ ಪತ್ರವನ್ನು ಅವರ ಮುಂದಿಟ್ಟೆ. ನಾನು ಬರೆದು ಕೇಳಿದ್ದಕ್ಕೆ ಸಿಟ್ಟಾಗುತ್ತಾರೆಂದು ಕಾದೆ, ಆಗಲಿಲ್ಲ. ಎರಡನೇ ಕನ್ನಡಕ ಏರಿಸಿ ಓದತೊಡಗಿದರು. ಮೊದಲ ಪುಟದಲ್ಲಿ ನಕ್ಕರು, "ಇವಳು ನನಗೆ ಗೊತ್ತು, ಗೆರೆ ಎರಡೇ ಅಂತಾಳೆ, ನೋಡಿ" ಎಂದರು. ಎರಡನೇ ಪುಟದಲ್ಲಿ ಮಾತು ನಿಂತಿತು. ನಾಲ್ಕನೇ ಪುಟದವರೆಗೂ ಓದಿ, ಮಡಚಿ, ಮೇಜಿನ ಮೇಲಿಟ್ಟರು.

"ಏನು ಬರೆದಿದ್ದಾರೆ?"

"ಹವಾಮಾನದ ಬಗ್ಗೆ."

"ನಾಲ್ಕು ಪುಟ ಹವಾಮಾನವೇ?"

"ನಮ್ಮ ಕರಾವಳಿಯ ಹವಾಮಾನ ನಿಮಗೆ ಗೊತ್ತಿಲ್ಲ" ಎಂದು ಎದ್ದು ಹೊರಟುಹೋದರು. ಚಹಾ ಹಾಗೇ ಉಳಿಯಿತು.

ನನಗಂತೂ, ಅವರು ನನ್ನ ಮುಖಕ್ಕೇ ಸುಳ್ಳು ಹೇಳಿದ್ದಕ್ಕಿಂತ ಆ ಸುಳ್ಳು ಅಷ್ಟು ಕಳಪೆಯಾಗಿದ್ದದ್ದಕ್ಕೆ ರೇಗಿತು. ಗ್ರಂಥಾಲಯದ ಆಕರ ವಿಭಾಗದಲ್ಲಿ ಯಾರೂ ಮುಟ್ಟದ ಒಂದು ನಾರ್ವೇಜಿಯನ್ ನಿಘಂಟು ಇತ್ತು. ಮುಂದಿನ ಎರಡು ವಾರ ಊಟದ ಬಿಡುವಿನಲ್ಲಿ ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಪದ ಹುಡುಕಿದೆ. 'ಮೆಸ್ಸಿಂಗ್' ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು. ಇಂಗ್ಲಿಷಿನ ಪದವೇ ಇರಬೇಕು, ಏನೋ ಗೊಂದಲ ಮಾಡಿದ್ದಾರೆ ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಮೂರನೇ ದಿನ ನೋಡಿದರೆ, ಆ ಭಾಷೆಯಲ್ಲಿ ಮೆಸ್ಸಿಂಗ್ ಎಂದರೆ ಹಿತ್ತಾಳೆ. ಅದು ಸಿಕ್ಕಿದ ಮೇಲೆ ಉಳಿದದ್ದು ನಿಧಾನವಾಗಿ ಬಿಚ್ಚಿಕೊಂಡಿತು. ಕೊನೆಯ ಪುಟದಲ್ಲಿ, ಬೆಸುಗೆಯ ಮುಖ್ಯಸ್ಥರ ಬಗ್ಗೆ ಬರೆದ ಕಡೆ, 'ಸ್ಕಾಮ್‌ಫುಲ್' ಎಂಬ ಪದದ ಕೆಳಗೆ ಆಕೆ ಗೆರೆ ಎಳೆದಿದ್ದರು. ನಾಚಿಕೆಯಿಂದ ತುಂಬಿದ ಎಂದು ಅರ್ಥ.

ನನಗೆ ತಿಳಿದಷ್ಟು ಪತ್ರ ಹೀಗಿತ್ತು. ಯುದ್ಧಕಾಲದಲ್ಲಿ ಹಿತ್ತಾಳೆ ಸಿಗುತ್ತಿರಲಿಲ್ಲ. ಇದ್ದದ್ದನ್ನೇ ಎಳೆದೆಳೆದು ಹಾಕಬೇಕಾಗಿತ್ತು. ಫ್ರೇಮುಗಳು ಮುರಿದದ್ದು ನಿಜ, ಆದರೆ ಜರ್ಮನರದು ಮಾತ್ರವಲ್ಲ, ಎಲ್ಲರದೂ. ಊರಿನ ಸೂಲಗಿತ್ತಿಯ ಸೈಕಲ್ಲು ಇಳಿಜಾರಿನಲ್ಲಿ ಎರಡು ತುಂಡಾಗಿ ಆಕೆಯ ಮುಂದಿನ ಹಲ್ಲುಗಳು ಹೋದವು. ಬೆಸುಗೆಯ ಮುಖ್ಯಸ್ಥರು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದರು. ಮುರಿದು ಬಂದ ಪ್ರತಿಯೊಂದು ಫ್ರೇಮನ್ನೂ ಕೆಲಸ ಮುಗಿದ ಮೇಲೆ ಒಬ್ಬರೇ ಕೂತು ಅರದಿಂದ ಕೊರೆದು, ಹಿತ್ತಾಳೆ ಎಲ್ಲಿಯವರೆಗೆ ಹರಿದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಿದ್ದರು. ಅವರು ಬೇಕೆಂದು ಮಾಡಿದರು ಎಂದು ಆಮೇಲೆ ಜನ ಹೇಳಿದರು. ಅಂಥ ಕೆಲಸಗಾರ ಕೆಟ್ಟ ಬೆಸುಗೆಯನ್ನು ಬೇಕೆಂದು ಹಾಕುತ್ತಾನೆ ಎನ್ನುವುದು ಅವನಿಗೆ ಮಾಡುವ ಅವಮಾನ.

ನಾನು ಇದನ್ನು ಎರಡು ಹಾಳೆಯಲ್ಲಿ ನೀಟಾಗಿ ಬರೆದುಕೊಂಡು ಅವರ ಮನೆಗೆ ಹೋದೆ. ಮುಂದಿನ ತೋಟದಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚೈನಿಗೆ ಎಣ್ಣೆ ಹಾಕುತ್ತಿದ್ದರು. ನಿಂತಲ್ಲೇ ಓದಿದೆ. ಸರಿಯಾದ ಅನುವಾದ ಮಾಡಿದ್ದೇನೆಂಬ ಹೆಮ್ಮೆಯೂ ಇತ್ತು ನನಗೆ, ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

"ನಿಮ್ಮ ನಿಘಂಟು ತಪ್ಪು" ಎಂದರು.

"ಹಾಗಾದರೆ ಸರಿಯಾದದ್ದನ್ನು ನೀವು ಓದಿ ಹೇಳಿ."

ಅವರು ಎಣ್ಣೆಯ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಜೋರಾಗಿ ಮುಚ್ಚಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಮುಚ್ಚಿದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. "ಅಜ್ಜನ ಸತ್ತುಹೋದ ಅಪ್ಪನ್ನ ಇನ್ನೊಮ್ಮೆ ಕೊಂದಿ ನೋಡು. ನಿನಗ್ಯಾಕ ಬೇಕಿತ್ತು ಈ ಉಸಾಬರಿ?"

"ಸುಳ್ಳು ಬರದ್ರ ನಡೀತದೇನ್ರಿ?"

"ನಮ್ಮ ದವಾಖಾನ್ಯಾಗ ಒಂದು ಮಾತದ. ಖರೇ ಹೇಳೋದಕ್ಕ ಮೊದಲು ಪೇಷಂಟಿಗೆ ಒಂದು ಕುರ್ಚಿ ಕೊಡು ಅಂತ. ನೀ ನಿಂತಲ್ಲೇ ಹೇಳಿ ಬಂದಿ."

ಸಿಟ್ಟಿನಿಂದ ಆ ಎರಡು ಹಾಳೆಯನ್ನು ನೋಟ್‌ಬುಕ್ಕಿನೊಳಗೆ ತುರುಕಿದೆ.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಗ್ರಂಥಾಲಯಕ್ಕೂ ಬರುವುದನ್ನು ಬಿಟ್ಟರು. ಇಳಿಜಾರು ಖಾಲಿಯಾಗಿತ್ತು, ಗಾಲಿಕುರ್ಚಿಯವರು ಆರಾಮಾಗಿ ಓಡಾಡಿದರು. ನನ್ನ ಶನಿವಾರ ನನಗೆ ವಾಪಸ್ಸು ಸಿಕ್ಕಿತು. ಬಸ್ಸಿನಲ್ಲಿ ಸೌತ್‌ಹಾಲಿಗೆ ಹೋದೆ. ಸೊಪ್ಪು ಆರಿಸುವಾಗ ಪರಿಚಯದ ಮೈಸೂರಿನ ಡಾಕ್ಟರ ಹೆಂಡತಿ ಸಿಕ್ಕು, "ಏನ್ರೀ, ಈಗೀಗ ಫ್ರೀ ಆಗಿದೀರಾ?" ಎಂದು ಕೇಳಿದರು. ಹೂಂ ಎಂದೆ. ಆ ಬಿಡುವೂ ನನಗೆ ಒಗ್ಗಲಿಲ್ಲ. ಮನೆಗೆ ಬಂದರೆ ಮೇಜಿನ ಮೇಲೆ ಆ ಗೆರೆ ಹಾಕಿದ ನೋಟ್‌ಬುಕ್ಕುಗಳು. ಏಳು ಆಗಿದ್ದವು. ಅವರ ಮನೆಯ ಮುಂದೆ ಹಾದುಹೋಗುವಾಗ ಪರದೆಯ ಹಿಂದೆ ದೀಪ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಇರುತ್ತಿತ್ತು. ಬಾಗಿಲು ಬಡಿಯಲು ಧೈರ್ಯವಾಗುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದರೆ ಯಾವುದಕ್ಕೆಂದು ಕೇಳುವುದು? ಆ ನೀಲಿ ಶಾಯಿಯ ಪತ್ರ ನಾನು ಬರೆದದ್ದಲ್ಲ. ಹಿತ್ತಾಳೆ ನಾನು ಕದ್ದದ್ದಲ್ಲ.

ಹೀಗೆ ಮೂರು ತಿಂಗಳು ಕಳೆದಿರಬೇಕು. ಒಂದು ಬುಧವಾರ ಮಧ್ಯಾಹ್ನ ವಿಚಾರಣೆಯ ಮೇಜಿನಲ್ಲಿ ತಲೆ ತಗ್ಗಿಸಿ ಕಾರ್ಡು ಜೋಡಿಸುತ್ತಿದ್ದೆ. ಮುಂದಿನವರು ಬನ್ನಿ ಎಂದು ತಲೆ ಎತ್ತಿದರೆ ಅಜ್ಜ. ಕ್ಯೂನಲ್ಲಿ ಎಲ್ಲರ ಹಾಗೆ ನಿಂತು ಬಂದಿದ್ದರು. ನನ್ನ ಪರಿಚಯವೇ ಇಲ್ಲದವರಂತೆ ಹೇಳಿದರು:

"ಲೋಹದ ಬೆಸುಗೆಯ ಬಗ್ಗೆ ಒಂದು ಪುಸ್ತಕ ಬೇಕು. ಹಿತ್ತಾಳೆ ಬೆಸುಗೆ."

ನಾನೂ ಪರಿಚಯವಿಲ್ಲದವಳಂತೆ ಕೇಳಿದೆ: "ಯಾವ ಉದ್ದೇಶಕ್ಕೆ, ಹೇಳಬಹುದೇ?"

"ಅರ್ಧ ಹಿತ್ತಾಳೆ ಹಾಕಿದರೆ ಬೆಸುಗೆ ಎಷ್ಟು ದಿನ ತಾಳುತ್ತದೆ ಅಂತ ನೋಡಬೇಕು. ನಾಲ್ಕನೇ ಅಧ್ಯಾಯ ಮತ್ತೆ ಬರೆಯಬೇಕಲ್ಲ."

ಮೇಜಿನಿಂದ ಏಳಬಾರದೆಂಬ ನಿಯಮವಿತ್ತು. ಎದ್ದೆ. ಲೋಹದ ಕೆಲಸದ ಕಪಾಟಿನ ಬಳಿ ಇದ್ದ ಗಿಡ್ಡ ಸ್ಟೂಲಿನ ಮೇಲೆ ಅವರನ್ನು ಕೂರಿಸಿದೆ. ಅಲ್ಲಿ ಅವರು ಹೇಳಿದರು.

"ಯುದ್ಧ ಮುಗಿದ ವರ್ಷ ನಮ್ಮ ಮನೆಗೆ ಜನ ಬರುತ್ತಿದ್ದರು. ಯಾರೋ ಒಬ್ಬರು ಅಪ್ಪನ ಬೆನ್ನು ತಟ್ಟಿ, ನೀನು ಜರ್ಮನರಿಗೆ ಸರಿಯಾಗಿ ಮಾಡಿದೆ ಅಂದರು. ಎಲ್ಲರೂ ಲೋಟ ಎತ್ತಿದರು. ಅಪ್ಪ ಎದ್ದು ಹೊರಗೆ ಹೋದ. ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದ. ನಾನು ಅದನ್ನು ವಿನಯ ಅಂದುಕೊಂಡೆ. ಒಂದು ಜೀವಮಾನ ಪೂರ್ತಿ ಅದನ್ನು ವಿನಯ ಅಂದುಕೊಂಡೆ. ನೀವು ಆ ದಿನ ಕೇಳಿದಿರಲ್ಲ, ನಿಮ್ಮ ತಂದೆಯೇ ಹೇಳಿದರೇ ಅಂತ. ಅವನು ಯಾವತ್ತೂ ಹೌದು ಅನ್ನಲಿಲ್ಲ."

"ಇಲ್ಲ ಅಂತಲೂ ಅನ್ನಲಿಲ್ಲವೇ?"

"ಆಗ ಊರಲ್ಲಿ ಎಲ್ಲರಿಗೂ ಅಂಥದೊಂದು ಕಥೆ ಬೇಕಾಗಿತ್ತು. ಅದನ್ನು ಅವರಿಂದ ಕಸಿದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲವೋ ಏನೋ." ಕಪಾಟಿನ ಪುಸ್ತಕಗಳ ಬೆನ್ನು ನೋಡುತ್ತ, "ನಾನು ಅದನ್ನು ಲಂಡನ್ನಿಗೆ ಹೊತ್ತು ತಂದೆ. ನನ್ನ ಹೆಂಡತಿಗೂ ಅದನ್ನೇ ಹೇಳಿದೆ, ಮೊದಲ ಸಲ ಭೇಟಿಯಾದಾಗ" ಎಂದರು.

ಬೆಸುಗೆಯ ಪುಸ್ತಕ ಕೊಟ್ಟೆ. ಮೂರು ವಾರದ ಅವಧಿಯ ಮುದ್ರೆ ಒತ್ತಿದೆ. ಅವರು ಅದನ್ನು ಎಂಟು ಸಲ ನವೀಕರಿಸಿದರು.

ಇದಾದ ಮೇಲೆ ಕೆಲಸ ಸರಾಗವಾಯಿತೆಂದು ಯಾರಾದರೂ ತಿಳಿದರೆ ಅವರಿಗೆ ಈ ಮನುಷ್ಯರ ಪರಿಚಯವಿಲ್ಲ. ಅವರು ಆ ವೃದ್ಧೆಗೆ ತಾವೇ ಪತ್ರ ಬರೆದರು. ಆಕೆ ಉತ್ತರಿಸಿದರು. ಆಮೇಲೆ ಫೋನು ಶುರುವಾಯಿತು. ಆಕೆಗೆ ಎಲ್ಲವೂ ನೆನಪಿತ್ತು, ಮತ್ತು ಪ್ರತಿಯೊಂದೂ ಅಜ್ಜನ ನೆನಪಿಗಿಂತ ಬೇರೆಯಾಗಿತ್ತು. ಮೊದಲು ಒಬ್ಬರು ನನ್ನ ಪ್ರಾಣ ತಿನ್ನುತ್ತಿದ್ದರು, ಈಗ ಇಬ್ಬರು, ಅದರಲ್ಲಿ ಒಬ್ಬರು ಸಮುದ್ರದಾಚೆಯಿಂದ. ಗೆರೆಯ ವಿಷಯ ಮತ್ತೆ ಎದ್ದಿತು. ಮುಗಿಸಿದ ಎರಡು, ಮೂರನೇ ಅಧ್ಯಾಯಗಳನ್ನೂ ಒಡೆದು ಕಟ್ಟಿದೆವು. ಐದನೆಯದರಲ್ಲಿ ಯುದ್ಧ ಮುಗಿದು, ಸಾಮಾನ್ಯರು ಕಾರು ಕೊಳ್ಳಲು ಸರ್ಕಾರದ ಪರವಾನಗಿ ಕಾಯಬೇಕಿದ್ದ ಕಾಲದಲ್ಲಿ ಊರಿಗೆ ಊರೇ ಆ ಕಾರ್ಖಾನೆಯ ಸೈಕಲ್ಲು ಹತ್ತಿದ ಕಥೆ. ಆರನೆಯದರಲ್ಲಿ ಮೊಪೆಡ್ಡು, ಮಡಿಸುವ ಸೈಕಲ್ಲು. ಅದನ್ನು ಮುಗಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ, ಕಾರ್ಖಾನೆ ಇನ್ನು ಮುಂದೆ ಆ ಊರಿನಲ್ಲಿ ಫ್ರೇಮ್ ಮಾಡುವುದಿಲ್ಲ, ಹೊರದೇಶದಿಂದ ತರಿಸಿ ಹೆಸರು ಮಾತ್ರ ಹಚ್ಚುತ್ತದೆ ಎಂಬ ಸುದ್ದಿ ಬಂತು.

ಆ ಶನಿವಾರ ಅವರು ನೋಟ್‌ಬುಕ್ಕು ತೆರೆಯಲಿಲ್ಲ. "ನಾಲ್ಕು ತಿಂಗಳ ಹಿಂದೆ ಮುಗಿಸಿದ್ದರೆ ಈ ಅಧ್ಯಾಯ ಬರೆಯಬೇಕಾಗಿರಲಿಲ್ಲ" ಎಂದು ನಾನು ಗೊಣಗಿದೆ. ಅವರು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ. ಏಳನೆಯ ಅಧ್ಯಾಯ ಒಂದೂವರೆ ಪುಟ. ಅದರಲ್ಲಿ ಒಂದು ಪದವನ್ನೂ ಅವರು ತಿದ್ದಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ರಜೆಗೆ ಬಂದ ಮಗಳು ನನ್ನ ಕೈಬರಹವನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಹೊಡೆದಳು. ಹೊಡೆಯುತ್ತ ಹೊಡೆಯುತ್ತ ನಾಲ್ಕನೆಯ ಅಧ್ಯಾಯದಲ್ಲಿ ನಿಂತು, "ಅಮ್ಮಾ, ದಿಸ್ ಮ್ಯಾನ್ ವೆಂಟ್ ಟು ದ ಮಿಡ್‌ವೈಫ್ಸ್ ಹೌಸ್?" ಎಂದಳು. ಹೌದು ಎಂದೆ. ಅವಳು ಆ ಪುಟವನ್ನು ಮತ್ತೊಮ್ಮೆ ಓದಿ ಮುಂದೆ ಹೊಡೆದಳು. ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಗುಜರಾತಿಯೊಬ್ಬರು ಹನ್ನೆರಡು ಪ್ರತಿ ಮಾಡಿಕೊಟ್ಟರು. ಮುಖಪುಟದ ಸೈಕಲ್ಲಿನ ಸುತ್ತ ತಮ್ಮ ಅಭ್ಯಾಸದಂತೆ ಮಾವಿನೆಲೆಯ ಬಳ್ಳಿ ಹಾಕಿದ್ದರು. ತೆಗೆಸಲು ಸಮಯವಿರಲಿಲ್ಲ, ಯಾಕೆಂದರೆ ಅಜ್ಜ ಆಗಲೇ ಥೇಮ್ಸ್ ದಂಡೆಯ ನಾರ್ವೇಜಿಯನ್ನರ ಚರ್ಚಿನ ಸಭಾಂಗಣದಲ್ಲಿ ಓದಲು ಒಪ್ಪಿಕೊಂಡಿದ್ದರು.

ಭಾನುವಾರ. ನಮ್ಮ ಕಡೆಯ ಮೆಟ್ರೋಪಾಲಿಟನ್ ಲೈನಿನ ರೈಲು ದುರಸ್ತಿಗೆಂದು ಬಂದ್. ಬದಲಿ ಬಸ್ಸು ಹಿಡಿದು, ಟ್ಯೂಬ್ ಎಂಬ ಸುರಂಗ ರೈಲು ಹಿಡಿದು, ಮತ್ತೊಂದು ಬದಲಿಸಿ, ಲಂಡನ್ನಿನ ಪಶ್ಚಿಮದ ತುದಿಯಿಂದ ಪೂರ್ವಕ್ಕೆ ಹೋದೆವು. ಅಜ್ಜ, ನಾನು, ಗೊಣಗುತ್ತ ನನ್ನ ಗಂಡ. ಟ್ಯೂಬಿನಲ್ಲಿ ಕೂತು ಪುಸ್ತಕದ ಮೊದಲ ಪುಟ ತೆರೆದೆ. ಕೃತಜ್ಞತೆ ಎಂದು ಅವರು ನನಗೆ ತೋರಿಸದೆ ಗುಟ್ಟಾಗಿ ಅಚ್ಚಿಗೆ ಕೊಟ್ಟಿದ್ದ ಪುಟ. ಅದರಲ್ಲಿ ನನ್ನ ಹೆಸರು ಮೂರು ಸಲ ಬಂದಿತ್ತು, ಮೂರು ಬೇರೆ ಬೇರೆ ತಪ್ಪು ಕಾಗುಣಿತದಲ್ಲಿ. ಗಂಡ ಇಣುಕಿ ನೋಡಿ, "ಮೂರು ಮಂದಿ ಸಹಾಯ ಮಾಡ್ಯಾರ ಅಂತ ತಿಳೀತಾರ ಬಿಡು" ಎಂದರು.

ಹದಿನಾಲ್ಕು ಜನ ಬಂದಿದ್ದರು. ಅರ್ಧ ಜನ ಅಲ್ಲಿ ಕೊಡುವ ವಾಫಲ್ ಎಂಬ ಸಿಹಿ ದೋಸೆ ತಿನ್ನಲು ಬಂದವರು. ಅಜ್ಜ ನಾಲ್ಕನೆಯ ಅಧ್ಯಾಯವನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮ್ಮ ಭಾಷೆಗೆ ತಿರುಗಿಸುತ್ತ ಓದಿದರು. ಸೂಲಗಿತ್ತಿಯ ಮನೆಯ ಬಾಗಿಲಲ್ಲಿ ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತ ಕಡೆ ಓದು ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದರು. ಓದು ಮುಗಿದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ನಾವಿಕರು ತುಸು ನಿರಾಶೆಯಿಂದ ಕೇಳಿದರು, "ಹಾಗಾದರೆ ನಿಮ್ಮ ತಂದೆ ಜರ್ಮನರ ವಿರುದ್ಧ ಏನೂ ಮಾಡಲಿಲ್ಲ?"

"ಇಲ್ಲ" ಎಂದರು ಅಜ್ಜ. "ಅವರು ಬೆಸುಗೆ ಹಾಕುತ್ತಿದ್ದರು."

ಆಮೇಲೆ ಹಿಂದಿನಿಂದ ಒಬ್ಬ ಹೆಂಗಸು, ತನ್ನ ಅಮ್ಮನ ಬಳಿ ಆ ಕಾರ್ಖಾನೆಯ ಕೆಂಪು ಸೈಕಲ್ಲಿತ್ತು, ಕೆಂಪು ಬಣ್ಣ ಯಾವ ಕಾಲದಲ್ಲಿ ಬಂತು ಎಂದು ಕೇಳಿದಳು. ಅಜ್ಜನ ಮುಖ ಅರಳಿತು. ಕುರ್ಚಿ ಎಳೆದುಕೊಂಡರು. ಬಣ್ಣದ ಡಬ್ಬಿಗಳು ಯಾವ ಬಂದರಿನಿಂದ ಬರುತ್ತಿದ್ದವು ಎನ್ನುವಲ್ಲಿಂದ ಶುರುಮಾಡಿದರು. ಐದು ನಿಮಿಷವಾಯಿತು, ಇಪ್ಪತ್ತಾಯಿತು, ಕೆಂಪು ಇನ್ನೂ ಹಡಗಿನಲ್ಲೇ ಇತ್ತು. ಜನ ಒಬ್ಬೊಬ್ಬರೇ ಎದ್ದು ತಟ್ಟೆ ತೊಳೆಯಲು ಹೋದರು.

ನನ್ನ ಗಂಡ ಗಡಿಯಾರ ನೋಡಿಕೊಂಡು ಮೊಣಕೈಯಿಂದ ತಿವಿದರು. "ಏಳು, ಬಸ್ ತಪ್ತದ. ನಾಳಿ ಮುಂಜಾನಿ ಎಂಟಕ್ಕ ಆಪರೇಷನ್ ಥಿಯೇಟರ್ ಅದ ನಂದು."

"ಇರ್ರಿ" ಎಂದೆ. "ಮುಗಿಸ್ಲಿ."

"ಅವ್ರು ಮುಗಿಸೋರಲ್ಲ."

"ಗೊತ್ತದ. ಇರ್ರಿ."

ಅವರು ನಿಟ್ಟುಸಿರು ಬಿಟ್ಟು, ಇನ್ನೊಂದು ವಾಫಲ್ ತರಲು ಎದ್ದು ಹೋದರು.